ಗೊತ್ತಿಲ್ಲದವರ ಜೊತೆ ವಾದ ಮಾಡೋಕೆ ಕ್ಲಬ್‌ಹೌಸ್ ಹೇಗಿದೆ? ಹಳೇ ಬಳಕೆದಾರರ ರಿವ್ಯೂ

ರೇಟಿಂಗ್ ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 3. ಮಾತಾಡೋ ಅನುಭವಕ್ಕೆ 4 ಕೊಡಬಹುದು, ಮಾತಾಡಿದ್ದು ಉಳಿಯೋ ವಿಷಯಕ್ಕೆ 1 ಕೊಡೋದೂ ಜಾಸ್ತಿ ಆಯ್ತು. ಹಾಡು, ಅಂತ್ಯಾಕ್ಷರಿ, ಮಿಮಿಕ್ರಿ, ರಾತ್ರಿ 12ರ ಮೇಲೆ ದೆವ್ವದ ಕಥೆ ಹೇಳೋ ರೂಮು ಇವ್ಯಾವುದರ ಬಗ್ಗೇನೂ ಇಲ್ಲಿ ಬರೀತಿಲ್ಲ, ಅದರ ಫ್ಯಾನ್ಸ್ ಬೇರೆ ಇದಾರೆ. ನಾನು ಈ ಆಪ್ ಇಟ್ಕೊಂಡಿದ್ದು ಒಂದೇ ಕೆಲಸಕ್ಕೆ, ಮುಖ ನೋಡದ ಊರು ಕೇರಿ ಗೊತ್ತಿಲ್ಲದ ಜನರ ಜೊತೆ ಭಾಷೆ, ತತ್ವಶಾಸ್ತ್ರ, ರಾಜಕೀಯ, ಟೆಕ್ನಾಲಜಿ ಅಂತ ವಾದ ಮಾಡೋಕೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪಾಲ್ ಡೇವಿಸನ್ ಮತ್ತು ರೋಹನ್ ಸೇಠ್ ಅನ್ನೋರು 2020ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಆಡಿಯೋ ಆಪ್ ಇದು. ಮೊದಲು ಐಫೋನ್ ಇದ್ದವರಿಗೆ ಮಾತ್ರ, ಅದೂ ಯಾರಾದ್ರೂ ಇನ್ವೈಟ್ ಕೊಟ್ಟರೆ. ನಮ್ಮಲ್ಲಿ ಆಂಡ್ರಾಯ್ಡ್‌ಗೆ ಬಂದಿದ್ದು 2021ರ ಮೇ ತಿಂಗಳಲ್ಲಿ, ಅಂದ್ರೆ ಕರೆಕ್ಟಾಗಿ ಎರಡನೇ ಅಲೆ ಲಾಕ್‌ಡೌನ್ ಟೈಮಲ್ಲಿ, ಹೊರಗೆ ಹೋಗೋ ಹಾಗಿಲ್ಲ, ಟಿವಿ ಹಾಕಿದ್ರೆ ಆಕ್ಸಿಜನ್ ಸುದ್ದಿ, ಜನ ಇನ್ನೆಲ್ಲಿಗೆ ಹೋಗ್ತಾರೆ, ಎಲ್ರೂ ಬಂದು ಇಲ್ಲಿ ಸೇರ್ಕೊಂಡ್ರು. ಜುಲೈನಲ್ಲಿ ಇನ್ವೈಟ್ ಕಾಟಾನೂ ಹೋಯ್ತು. ಒಂದೊಂದು ಟಾಪಿಕ್‌ಗೆ ಒಂದೊಂದು ರೂಮು, ಅದರಲ್ಲಿ ಒಂದು ಸ್ಟೇಜು, ಕೆಳಗೆ ಕೇಳೋರು, ಕೈ ಎತ್ತಿದ್ರೆ ಮಾಡರೇಟರ್ ಮೇಲೆ ಕರ್ಕೊಳ್ತಾರೆ, ಚಪ್ಪಾಳೆ ಬದಲು ಮೈಕ್ ಬಟನ್ ಪಟಪಟ ಒತ್ತೋದು. ಬೇಜಾರಾದ್ರೆ ಸದ್ದಿಲ್ಲದೆ ಹೊರಟು ಹೋಗೋಕೆ ಅಂತಾನೇ ಒಂದು ಬಟನ್ ಇತ್ತು, ನಿಜ ಜೀವನದ ಮೀಟಿಂಗ್‌ಗಳಿಗೂ ಅದೊಂದು ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಸರಿ, ಪ್ಲಸ್ ಪಾಯಿಂಟ್. ಬರೆದು ಜಗಳ ಆಡೋದಕ್ಕೂ ಬಾಯಲ್ಲಿ ಆಡೋದಕ್ಕೂ ಭಾಳ ವ್ಯತ್ಯಾಸ ಇದೆ ಮಾರಾಯ್ರೆ. ಟೈಪ್ ಮಾಡುವಾಗ ಎದುರಿಗಿರೋನು ಒಂದು ಡಿಪಿ ಅಷ್ಟೇ, ಏನು ಬೇಕಾದ್ರೂ ಅನ್ನಬಹುದು. ಇಲ್ಲಿ ಅವನು ಕೆಮ್ಮೋದು ಕೇಳತ್ತೆ, ಹಿಂದೆ ಕುಕ್ಕರ್ ವಿಸಿಲ್ ಕೇಳತ್ತೆ, ಮಗು ಅಪ್ಪಾ ಅನ್ನೋದು ಕೇಳತ್ತೆ, ಬೈಬೇಕು ಅಂತ ಮೈಕ್ ಆನ್ ಮಾಡಿದವರೂ ಅರ್ಧಕ್ಕೆ ಸ್ವರ ಇಳಿಸ್ತಾರೆ. ಧಾರವಾಡದವರು "ಹಂಗಲ್ರೀ" ಅಂತ ಶುರು ಮಾಡಿದ್ರೆ ಅದಕ್ಕೆ ಸಿಟ್ಟಿಂದ ಉತ್ತರ ಕೊಡೋದು ನನಗಂತೂ ಆಗಿಲ್ಲ.

ಭಾಷೆ ಬಗ್ಗೆ ವಾದ ಮಾಡೋಕೆ ಧ್ವನಿಗಿಂತ ಒಳ್ಳೆ ಜಾಗ ಇಲ್ಲ ಅಂತ ಗೊತ್ತಾಗಿದ್ದು ಮಹಾಪ್ರಾಣದ ರೂಮಲ್ಲಿ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ಹೊಸಬರಹ ಗೊತ್ತಲ್ಲ, ಕನ್ನಡಿಗರ ಬಾಯಲ್ಲಿ ಇಲ್ಲದ ಮಹಾಪ್ರಾಣ, ಋ, ಷ ಇವೆಲ್ಲ ಬರಹದಲ್ಲೂ ಯಾಕೆ ಬೇಕು ಅನ್ನೋ ವಾದ. ಬರವಣಿಗೆಯಲ್ಲಿ ಈ ಚರ್ಚೆ ಓದಿದ್ರೆ ಎರಡೂ ಕಡೆಯವರು ಶಾಸನ, ಶಬ್ದಮಣಿದರ್ಪಣ, ಸಂಸ್ಕೃತ ಅಂತ ಎಲ್ಲೆಲ್ಲಿಗೋ ಹೋಗ್ತಾರೆ. ರೂಮಲ್ಲಿ ಏನಾಯ್ತು ಅಂದ್ರೆ ಮಹಾಪ್ರಾಣ ಉಳಿಲೇಬೇಕು ಅಂತ ಆವೇಶದಲ್ಲಿ ಮಾತಾಡ್ತಿದ್ದವರು ಪ್ರತಿ ಸಲಾನೂ "ಬಾಷೆ", "ದರ್ಮ", "ವಿದ್ಯಾಬ್ಯಾಸ" ಅಂತಾನೇ ಅಂತಿದ್ರು, ತೆಗೀಬೇಕು ಅಂತಿದ್ದ ಹುಡುಗ ಅಚ್ಚುಕಟ್ಟಾಗಿ "ಭಾಷೆ" ಅಂತಿದ್ದ, ಅವನ ಮನೇಲಿ ಎಲ್ರೂ ಹಾಗೇ ಮಾತಾಡ್ತಾರಂತೆ. ಕೇಳೋರಿಗೆಲ್ಲ ಅದು ಗೊತ್ತಾಗ್ತಿತ್ತು, ಯಾರೂ ಎತ್ತಿ ಆಡ್ಲಿಲ್ಲ, ಆದ್ರೆ ಅಲ್ಲಿಂದ ಮುಂದೆ ಚರ್ಚೆ ತಾನಾಗೇ ಬೇರೆ ಕಡೆ ತಿರುಗಿತು. ನಾವು ಉಚ್ಚಾರ ಮಾಡದ ಅಕ್ಷರಾನ ಮಕ್ಕಳಿಗೆ ಕಲಿಸೋದ್ರಿಂದ ಸಿಗೋದೇನು ಕಳ್ಕೊಳ್ಳೋದೇನು, ಹಳೇ ಪುಸ್ತಕ ಓದೋಕೆ ಕಷ್ಟ ಆಗಲ್ವಾ, ಹೀಗೆ ಕೆಲಸಕ್ಕೆ ಬರೋ ಪ್ರಶ್ನೆಗಳು ಬಂದ್ವು. ನನ್ನ ಅಭಿಪ್ರಾಯ ಕೇಳಿದ್ರೆ ಅಕ್ಷರ ಇರ್ಲಿ, ಉಚ್ಚಾರ ಬರದವರನ್ನ ಆಡ್ಕೊಳೋದು ನಿಲ್ಲಲಿ ಸಾಕು.

ಅದೇ ತರ ನೆನಪಿರೋದು 2021ರ ಜೂನ್ ಮೊದಲ ವಾರ. ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಇಂಗ್ಲಿಷಲ್ಲಿ ಹುಡುಕಿದ್ರೆ ಗೂಗಲ್ ಕನ್ನಡ ಅಂತ ತೋರಿಸ್ತಿತ್ತಲ್ಲ, ಆಗ ಸಚಿವರಾಗಿದ್ದ ಅರವಿಂದ ಲಿಂಬಾವಳಿ ನೋಟಿಸ್ ಕೊಡ್ತೀವಿ ಅಂದಿದ್ರು, ಕೊನೆಗೆ ಗೂಗಲ್ ಅದನ್ನ ತೆಗೆದು ಕ್ಷಮೆ ಕೇಳಿತು. ಆ ರಾತ್ರಿ ಯಾವ ರೂಮಿಗೆ ಹೋದ್ರೂ ಅದೇ. ಒಂದು ಕಡೆ ಬರೀ ಕೂಗಾಟ. ಇನ್ನೊಂದು ರೂಮಲ್ಲಿ ಯಾರೋ ಸರ್ಚ್ ಕೆಲಸ ಮಾಡೋ ಹುಡುಗಿ ನಿಧಾನಕ್ಕೆ ಬಿಡಿಸಿ ಹೇಳಿದ್ಲು, ಅಲ್ಲಿ ಯಾರೋ ಕೂತು ಉತ್ತರ ಬರೆದಿದ್ದಲ್ಲ, ಎಲ್ಲೋ ಮೂಲೆಯಲ್ಲಿದ್ದ ಒಂದು ವೆಬ್‌ಸೈಟಲ್ಲಿ ಆ ಪ್ರಶ್ನೆಗೆ ಹೊಂದೋ ವಾಕ್ಯ ಇತ್ತು, ಯಂತ್ರ ಅದನ್ನ ಎತ್ತಿ ದೊಡ್ಡ ಅಕ್ಷರದಲ್ಲಿ ಮೇಲೆ ಹಾಕ್ತು, ಪ್ರಶ್ನೇನೇ ಕೆಟ್ಟದಿದ್ರೆ ಯಾವುದೋ ಒಂದು ಉತ್ತರ ಸಿಕ್ಕೇ ಸಿಗತ್ತೆ ಅಂತ. "ಹಾಗಾದ್ರೆ ತಪ್ಪು ಯಾರ್ದು?" ಅಂತ ಒಬ್ರು ಕೇಳಿದ್ರು. ಎತ್ತಿ ಹಾಕಿದ ಯಂತ್ರದ್ದಾ, ಯಂತ್ರ ಮಾಡಿದ ಕಂಪನಿದಾ, ಸಿಟ್ಟಿಗೆ ಅದನ್ನೇ ಮತ್ತೆ ಮತ್ತೆ ಹುಡುಕಿದ ನಮ್ಮದಾ? ಮಧ್ಯರಾತ್ರಿ ದಾಟಿದ್ರೂ ಯಾರೂ ಎದ್ದು ಹೋಗ್ಲಿಲ್ಲ. ಎಐ ಬಗ್ಗೆ ಈಗ ದಿನಾ ಕೇಳೋ ಪ್ರಶ್ನೆ ಅದು, ನಾವು ಅವತ್ತೇ ಚರ್ಚೆ ಮಾಡಿದ್ವಿ.

ಈಗ ಮೈನಸ್ಸು, ಮತ್ತೆ ಇದು ದೊಡ್ಡ ಮೈನಸ್ಸು. ಮೇಲೆ ಹೇಳಿದ್ನಲ್ಲ, ಆ ಎರಡು ಚರ್ಚೆ, ಅವು ಈಗ ಎಲ್ಲೂ ಇಲ್ಲ. ಗಾಳಿಗೆ ಹೋಯ್ತು. ಇದು ಆಪ್ ತಪ್ಪು ಅಂತ ಅಲ್ಲ, ಮಾತಿನ ಗುಣಾನೇ ಅದು. ಅದರ ಪರಿಣಾಮ ಏನು ಅಂದ್ರೆ ಪ್ರತಿ ವಾರ ಅದೇ ವಾದ ಸೊನ್ನೆಯಿಂದ ಶುರು. "ಹಿಂದಿ ರಾಷ್ಟ್ರಭಾಷೆ" ರೂಮನ್ನೇ ತಗೊಳ್ಳಿ. ಸಂವಿಧಾನದಲ್ಲಿ ರಾಷ್ಟ್ರಭಾಷೆ ಅಂತ ಯಾವುದೂ ಇಲ್ಲ, 343ನೇ ವಿಧಿ ಹೇಳೋದು ಕೇಂದ್ರ ಸರ್ಕಾರದ ಅಧಿಕೃತ ಭಾಷೆ ಬಗ್ಗೆ, ಇಂಗ್ಲಿಷ್ 15 ವರ್ಷಕ್ಕೆ ಅಂತ ಇಟ್ಟಿದ್ದು 1963ರ ಕಾಯ್ದೆಯಿಂದ ಮುಂದುವರೀತು, ಭಾಷೆಗಳ ಪಟ್ಟಿ ಇರೋ 8ನೇ ಪರಿಚ್ಛೇದದಲ್ಲಿ ಮೊದಲು 14 ಭಾಷೆ ಇತ್ತು ಈಗ 22 ಇದೆ. ಇಷ್ಟನ್ನ ಒಂದು ಶನಿವಾರ ಯಾರೋ ವಕೀಲರು ಚೆನ್ನಾಗಿ ಹೇಳ್ತಾರೆ, ಎಲ್ರೂ ಒಪ್ತಾರೆ, ಮುಂದಿನ ಶನಿವಾರ ಹೊಸಬ್ರು ಬಂದು ಮೊದಲ ಪ್ರಶ್ನೆ ಅದೇ. 2022ರ ಏಪ್ರಿಲಲ್ಲಿ ನಟರಾದ ಸುದೀಪ್ ಮತ್ತು ಅಜಯ್ ದೇವಗನ್ ಟ್ವಿಟರಲ್ಲಿ ಇದೇ ಹಿಂದಿ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದಾಗಲಂತೂ ನನಗೆ ಈ ಪಾಠ ಬಾಯಿಪಾಠ ಆಗಿಹೋಗಿತ್ತು. ಇದರ ಮಧ್ಯೆ ತುಳು, ಕೊಡವ 8ನೇ ಪರಿಚ್ಛೇದಕ್ಕೆ ಯಾವಾಗ ಅಂತ ನಾನು ಬಾಯಿ ಹಾಕಿದ್ರೆ "ಅದು ಇವತ್ತಿನ ಟಾಪಿಕ್ ಅಲ್ಲ ಮೇಡಂ" ಅಂತಾರೆ. ಯಾವತ್ತಿನ ಟಾಪಿಕ್ಕೋ ಅದು ದೇವರಿಗೇ ಗೊತ್ತು.

ಶುರುವಿನಲ್ಲಿ ರೂಮೊಳಗೆ ಲಿಂಕ್ ಹಾಕೋಕೂ ಜಾಗ ಇರಲಿಲ್ಲ. ಜನ ಎಂಥ ಉಪಾಯ ಕಂಡ್ಕೊಂಡ್ರು ಅಂದ್ರೆ, ದಾಖಲೆಯ ಸ್ಕ್ರೀನ್‌ಶಾಟನ್ನೇ ಡಿಪಿ ಮಾಡ್ಕೊಂಡು "ಎಲ್ರೂ ಪಿಟಿಆರ್ ಮಾಡಿ" ಅನ್ನೋರು, ಅಂದ್ರೆ ಕೆಳಗೆ ಎಳೆದು ರಿಫ್ರೆಶ್ ಮಾಡಿ ನನ್ನ ಡಿಪಿ ದೊಡ್ಡದು ಮಾಡಿ ಓದಿ ಅಂತ. ಸಂವಿಧಾನದ ವಿಧಿಯನ್ನ ಒಬ್ಬನ ಮುಖ ಇರಬೇಕಾದ ಗುಂಡು ಚೌಕದಲ್ಲಿ ಓದಿದ ಪುಣ್ಯ ನಮ್ಮದು. 2021ರ ಕೊನೆಗೆ ಮುಗಿದ ರೂಮನ್ನ ಮತ್ತೆ ಕೇಳೋ ರಿಪ್ಲೇ ಬಂತು, 2022ರಲ್ಲಿ ಚಾಟೂ ಬಂತು. ಆದ್ರೆ ನಾಲ್ಕು ಗಂಟೆ ರಿಪ್ಲೇನಲ್ಲಿ ಆ ವಕೀಲರ ಎರಡು ನಿಮಿಷ ಯಾರು ಹುಡುಕ್ತಾರೆ ಹೇಳಿ.

ರಾಜಕೀಯದ ರೂಮ್‌ಗಳ ಬಗ್ಗೆ ಜಾಸ್ತಿ ಬರೆಯಲ್ಲ, ಡಿಪಿಯಲ್ಲಿ ಪಕ್ಷದ ಬಾವುಟ ಇದ್ದವರು ನಾಲ್ಕು ಜನ ಸ್ಟೇಜ್ ಹತ್ತಿದ್ರೆ ಇಳಿದು ಬರೋದು ವಾಸಿ. ಒಂದು ಮಾತ್ರ ಹೇಳ್ಬೇಕು. ಕರ್ನಾಟಕದ ತೆರಿಗೆ ಪಾಲಿನ ಚರ್ಚೆ. ನಾವು 100 ರೂಪಾಯಿ ಕೊಟ್ರೆ ವಾಪಸ್ ಬರೋದೆಷ್ಟು ಅನ್ನೋದಕ್ಕೆ ಒಬ್ಬೊಬ್ರ ಹತ್ರ ಒಂದೊಂದು ನಂಬರ್, ಯಾರೂ ಲೆಕ್ಕ ಹೇಗೆ ಬಂತು ಅನ್ನಲ್ಲ. ಆದ್ರೆ ಅದೇ ಪ್ರಶ್ನೆನ ಒಂದು ರೂಮಲ್ಲಿ ಚಿಕ್ಕದು ಮಾಡಿ, "14ನೇ ಹಣಕಾಸು ಆಯೋಗದಲ್ಲಿ 4.713% ಇದ್ದ ನಮ್ಮ ಪಾಲು 15ನೇ ಆಯೋಗದಲ್ಲಿ 3.647% ಯಾಕಾಯ್ತು" ಅಂತ ಇಟ್ಟಿದ್ರು (ಕೇಂದ್ರದ ತೆರಿಗೆ ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳೋದು ಈ ಆಯೋಗ), ಅದೇ ಜನ, ಅದೇ ಬಾವುಟ, ಚರ್ಚೆ ಬೇರೇನೇ ಆಯ್ತು. 1971ರ ಜನಗಣತಿ ಬಿಟ್ಟು 2011ರದ್ದನ್ನೇ ತಗೊಂಡ್ರು, ತಲಾ ಆದಾಯದ ಅಂತರಕ್ಕೆ 45% ತೂಕ ಇತ್ತು, ಬೆಂಗಳೂರಿಂದ ನಮ್ಮ ತಲಾ ಆದಾಯ ಮೇಲಿದೆ ಹಾಗಾಗಿ ಪಾಲು ಇಳೀತು, ಸೆಸ್ ಮತ್ತು ಸರ್‌ಚಾರ್ಜ್ ಹಂಚಿಕೆಗೆ ಬರೋದೇ ಇಲ್ಲ, ಹೀಗೆ. ಕಲಬುರಗಿಯವರೊಬ್ರು ಆಗ ಕೇಳಿದ ಪ್ರಶ್ನೆಗೆ ಸ್ಟೇಜೇ ಸುಮ್ಮನಾಯ್ತು. "ಬೆಂಗ್ಳೂರ ಆದಾಯ ತೋರ್ಸಿ ದಿಲ್ಲಿಯವ್ರು ನಮ್ಮ ಪಾಲ ಕಡಿಮಿ ಮಾಡ್ತಾರಂತೀರಿ, ಸರಿ, ನಮಗ ಬರೋದ ಬೆಂಗ್ಳೂರಾಗ ನಿಲ್ಲಂಗಿಲ್ಲೇನು?" ಅಂತ.

ಇನ್ನು ನನ್ನ ಫೇವರಿಟ್ ಅಂದ್ರೆ ತತ್ವಶಾಸ್ತ್ರದ ಒಂದು ಸಣ್ಣ ರೂಮು, ಭಾನುವಾರ ಬೆಳಗ್ಗೆ. ಅಮೆರಿಕದವರು ಊಟ ಮುಗಿಸಿ ಬರೋರು, ನಾವು ತಿಂಡಿ ತಿಂತಾ. ನಡೆಸ್ತಿದ್ದವರು ಉಡುಪಿ ಕಡೆಯ ರಿಟೈರ್ಡ್ ಮೇಷ್ಟ್ರು. ಅವರದ್ದು ಒಂದೇ ನಿಯಮ, ಎದುರಿನವರ ಪಕ್ಷ ಏನು ಅಂತ ಮೊದಲು ನೀವು ಹೇಳ್ಬೇಕು, ಅವರು "ಹೌದು, ನಾನು ಹೇಳಿದ್ದು ಇದೇ" ಅಂತ ಒಪ್ಬೇಕು, ಆಮೇಲೆ ಖಂಡನೆ. ಪೂರ್ವಪಕ್ಷ ಅಂತ ನಮ್ಮ ಹಳೇ ಶಾಸ್ತ್ರಗ್ರಂಥಗಳ ಕ್ರಮಾನೇ ಇದು, ಆದ್ರೆ ಫೋನಲ್ಲಿ, ಗೊತ್ತಿಲ್ಲದ ಜನರ ಮಧ್ಯೆ ಜಾರಿಗೆ ತರೋದಿದೆಯಲ್ಲ, ಅದು ಸುಲಭ ಅಲ್ಲ. ಅರ್ಧ ಜನ ಅಲ್ಲೇ ಫೇಲ್, ಯಾಕಂದ್ರೆ ಕೇಳಿಸ್ಕೊಂಡೇ ಇರ್ತಿರಲಿಲ್ಲ. ನ್ಯಾಯಶಾಸ್ತ್ರದಲ್ಲಿ ವಾದ, ಜಲ್ಪ, ವಿತಂಡ ಅಂತ ಮೂರು ಹೇಳ್ತಾರೆ, ಸತ್ಯ ತಿಳಿಯೋಕೆ ಮಾಡೋದು ವಾದ, ಗೆಲ್ಲೋಕೆ ಮಾಡೋದು ಜಲ್ಪ, ತನ್ನದು ಅಂತ ಏನೂ ಇಡದೆ ಬರೀ ಕೆಡವೋದು ವಿತಂಡ. ಮೇಷ್ಟ್ರು ಯಾರನ್ನೂ ಮ್ಯೂಟ್ ಮಾಡ್ತಿರಲಿಲ್ಲ, "ಇದು ವಿತಂಡಕ್ಕೆ ಹೋಯ್ತು, ನಿಮ್ಮ ಪಕ್ಷ ಯಾವುದು ಹೇಳಿ" ಅನ್ನೋರು ಅಷ್ಟೇ.

ಅಲ್ಲಿ ಒಂದಿನ ಮಧ್ವಾಚಾರ್ಯರ ಪಂಚಭೇದದ ಚರ್ಚೆ. ಜೀವ-ಈಶ್ವರ, ಜೀವ-ಜೀವ, ಜಡ-ಈಶ್ವರ, ಜೀವ-ಜಡ, ಜಡ-ಜಡ, ಐದೂ ಭೇದ ನಿಜ ಅನ್ನೋದು ದ್ವೈತ. ಫಿಸಿಕ್ಸ್ ಓದ್ತಿದ್ದ ಒಬ್ಬ ಹುಡುಗ ಕೊನೇದನ್ನ ಹಿಡ್ಕೊಂಡ, "ಸರ್, ಎರಡು ಎಲೆಕ್ಟ್ರಾನ್ ಜಡಾನೇ ಅಲ್ವಾ, ಅವೆರಡರ ಮಧ್ಯೆ ಭೇದ ಎಲ್ಲಿದೆ?" ಮೇಷ್ಟ್ರು, "ನಮಗೆ ಗುರುತು ಹಿಡಿಯೋಕೆ ಆಗ್ದೇ ಇರೋದು ಬೇರೆ, ಭೇದವೇ ಇಲ್ದೇ ಇರೋದು ಬೇರೆ." ಹುಡುಗ ಬಿಡ್ಲಿಲ್ಲ. ನಮ್ಮ ಅಸಾಮರ್ಥ್ಯ ಅಲ್ಲ ಸರ್, ಎರಡನ್ನ ಅದಲು ಬದಲು ಮಾಡಿದ್ರೆ ಅದನ್ನ ಹೊಸ ಸ್ಥಿತಿ ಅಂತ ಲೆಕ್ಕ ಹಾಕೋ ಹಾಗೇ ಇಲ್ಲ, ಹಾಕಿದ್ರೆ ಪ್ರಯೋಗಕ್ಕೆ ತಾಳೆ ಆಗಲ್ಲ ಅಂದ. ಆಗ ಅದ್ವೈತದ ಕಡೆಯವರೊಬ್ರು ಖುಷಿಯಾಗಿ "ನೋಡಿದ್ರಾ" ಅಂತ ಮೈಕ್ ಆನ್ ಮಾಡಿದ್ರು, ಹುಡುಗ ಅವರನ್ನೂ ಬಿಡ್ಲಿಲ್ಲ, "ಎರಡು ಇದೆ ಅಂತ ಎಣಿಕೆ ಇದ್ದೇ ಇದೆ ಸರ್, ಒಂದೇ ಅಂತ ನಾನೆಲ್ಲಿ ಹೇಳ್ದೆ?" ಅಂದ. ಮೇಷ್ಟ್ರು ನಕ್ಕು, ಇದಕ್ಕೆ ನಾನು ಓದ್ಕೊಂಡು ಬರ್ಬೇಕು, ಮುಂದಿನ ವಾರ ಅಂದ್ರು. ನಿಜವಾಗ್ಲೂ ಓದ್ಕೊಂಡು ಬಂದ್ರು. ಇಂಥದ್ದೊಂದು ಬೆಳಗ್ಗೆ ಬೇರೆ ಯಾವ ಆಪೂ ನನಗೆ ಕೊಟ್ಟಿಲ್ಲ.

ನಾನು ಪುತ್ತೂರು ಕಡೆಯವಳು, ಹಾಗಾಗಿ ಇದನ್ನ ತಾಳಮದ್ದಲೆ, ಅಂದ್ರೆ ಕೂತು ಮಾತಾಡೋ ಯಕ್ಷಗಾನದ ಕಣ್ಣಲ್ಲೇ ನೋಡೋದು. ಅಲ್ಲೂ ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು, ವಾಲಿ ರಾಮನನ್ನೇ ನಿಲ್ಲಿಸಿ ಪ್ರಶ್ನೆ ಮಾಡ್ತಾನೆ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳೋಕೆ ಜನ ರಾತ್ರಿಯಿಡೀ ಕೂರ್ತಿದ್ರು. ಆದ್ರೆ ಅಲ್ಲಿ ಮಾತು ತೀರಾ ಉದ್ದ ಆದ್ರೆ ಹಾಡೋ ಭಾಗವತರು ಮುಂದಿನ ಪದ ಎತ್ತುತ್ತಾರೆ, ಮಾತಾಡ್ತಿರೋ ಅರ್ಥಧಾರಿ ಮುಗಿಸಲೇಬೇಕು, ಯಾರಿಗೂ ಅವಮಾನ ಇಲ್ಲ. ಇಲ್ಲಿ ಮಾಡರೇಟರ್ ಕೈಲಿರೋದು ಮ್ಯೂಟ್, ಇಲ್ಲಾಂದ್ರೆ ಸ್ಟೇಜಿಂದ ಇಳಿಸೋ ಬಟನ್, ಒತ್ತಿದ್ರೆ ಅವಮಾನ, ಒತ್ತದೇ ಇದ್ರೆ ಒಬ್ರೇ ಮುಕ್ಕಾಲು ಗಂಟೆ.

ಟೆಕ್ನಾಲಜಿ ರೂಮ್‌ಗಳು ಸುಮಾರು, ಅರ್ಧಕ್ಕರ್ಧ ಕ್ರಿಪ್ಟೋ ಮಾರೋರು. ಕನ್ನಡ ಮತ್ತು ಕಂಪ್ಯೂಟರ್ ಅಂತ ಬಂದ್ರೆ ಮಾತ್ರ ಚೆನ್ನಾಗಿರತ್ತೆ. ಕಂಪ್ಯೂಟರ್ ಅಕ್ಷರಗಳನ್ನ ಉಳಿಸೋ ಯುಟಿಎಫ್-8 ಅನ್ನೋ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ನಮ್ಮ "ಕ್ಷ" ಒಳಗಡೆ ಮೂರು ಸಂಕೇತ ಸೇರಿ 9 ಬೈಟ್ ಆಗತ್ತೆ, ಎಐ ಮಾಡೆಲ್‌ಗಳು ಇಂಗ್ಲಿಷ್ ನೋಡ್ಕೊಂಡು ಪದ ತುಂಡು ಮಾಡೋದ್ರಿಂದ ಅದೇ ಮಾತಿಗೆ ಕನ್ನಡದಲ್ಲಿ ಜಾಸ್ತಿ ತುಂಡು, ಜಾಸ್ತಿ ಖರ್ಚು ಅಂತ ಒಬ್ರು ಹೇಳಿದಾಗ ಹೊಸಬರಹದ ಹುಡುಗ ಅಲ್ಲಿಗೂ ಬಂದು "ಅದಕ್ಕೇ ಹೇಳಿದ್ದು ಅಕ್ಷರ ಕಡಿಮೆ ಮಾಡಿ" ಅಂತ ಶುರು ಮಾಡಿದ. ಖ ತೆಗೆದು ಕ ಹಾಕಿದ್ರೂ 3 ಬೈಟೇ ಕಣಪ್ಪಾ.

ಹೆಣ್ಣುಮಕ್ಕಳಿಗೆ ಒಂದು ಮಾತು. ನೀವು ಹಣಕಾಸು ಆಯೋಗದ ಬಗ್ಗೆ ಮಾತಾಡಿ ಮುಗಿಸಿದ ಮೇಲೆ "ವಾಯ್ಸ್ ಸೂಪರ್, ಒಂದು ಹಾಡು ಹೇಳಿ" ಅನ್ನೋರು ಇರ್ತಾರೆ. ಬ್ಲಾಕ್ ಮಾಡಿ, ಯೋಚನೆ ಮಾಡೋಕೆ ಹೋಗ್ಬೇಡಿ. ಮತ್ತೆ ಗಂಡು ಹೆಣ್ಣು ಯಾರೇ ಆಗ್ಲಿ, ರೆಕಾರ್ಡ್ ಆಗ್ತಿಲ್ಲ ಅಂತ ಆಪ್ ತೋರಿಸಿದ್ರೂ ಇನ್ನೊಂದು ಫೋನ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋರು ಇದ್ದೇ ಇದಾರೆ, ಅಷ್ಟು ನೆನಪಿಟ್ಕೊಂಡು ಮಾತಾಡಿ.

ಲಾಕ್‌ಡೌನ್ ಮುಗಿದ ಮೇಲೆ ಜನ ಕರಗಿದ್ರು. ಕಂಪನಿ 2023ರ ಏಪ್ರಿಲಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸಗಾರರನ್ನ ತೆಗೆದು ಹಾಕ್ತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಪನ್ನೇ ಫ್ರೆಂಡ್ಸ್ ಮಧ್ಯೆ ವಾಯ್ಸ್ ಮೆಸೇಜ್ ಕಳಿಸೋ ತರ ತಿರುಗಿಸ್ತು, ನನ್ನಂಥವರಿಗೆ ಅದು ಬೇಕಿರಲಿಲ್ಲ, ಫ್ರೆಂಡ್ಸ್ ಜೊತೆ ಮಾತಾಡೋಕೆ ವಾಟ್ಸಾಪ್ ಇಲ್ವಾ. ರಾಜಕೀಯದವರೆಲ್ಲ ಟ್ವಿಟರ್ ಸ್ಪೇಸ್‌ಗೆ ಹೋದ್ರು, ಅಲ್ಲಿ ಜನ ಜಾಸ್ತಿ, ಕೇಳಿಸ್ಕೊಳೋದು ಕಡಿಮೆ. ಈಗ ಹೊಸದಾಗಿ ಸೇರೋರಿಗೆ ನನ್ನ ಸಲಹೆ, 500 ಜನ ಇರೋ ರೂಮ್ ಬೇಡ, 20-30 ಜನರ ರೂಮ್ ನೋಡಿ, ಟಾಪಿಕ್ ಪ್ರಶ್ನೆ ರೂಪದಲ್ಲಿ ಸಣ್ಣದಾಗಿದ್ರೆ ಒಳಗೆ ಹೋಗಿ, "ಕನ್ನಡದ ಅಳಿವು ಉಳಿವು" ಅಂತಿದ್ರೆ ಮುಂದೆ ಹೋಗಿ. ಪಕ್ಕದಲ್ಲಿ ಪೆನ್ನು ಪುಸ್ತಕ ಇಟ್ಕೊಳ್ಳಿ, ಉಳಿಯೋದು ನೀವು ಬರ್ಕೊಂಡಿದ್ದು ಮಾತ್ರ. ಇಯರ್‌ಫೋನ್ ವೈರ್ ಇರೋದೇ ತಗೊಳ್ಳಿ, ಬ್ಲೂಟೂತ್‌ದು ಸರಿಯಾಗಿ ಖಂಡನೆ ಮಾಡೋ ಹೊತ್ತಿಗೇ ಬ್ಯಾಟರಿ ಲೋ ಅನ್ನತ್ತೆ.