ಫೋಲ್ಡ್‌ಸ್ಕೋಪ್ ಕಾಗದದ ಮೈಕ್ರೋಸ್ಕೋಪ್: ಮೂರು ತಿಂಗಳು ಬಳಸಿದ ಮೇಲೆ

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಇದನ್ನು ಕೊಳ್ಳಿ. ನಾವಿರುವುದು ಪುಣೆಯ ಕೋಥ್ರೂಡಿನಲ್ಲಿ, ಮಗಳು ಏಳನೇ ಕ್ಲಾಸು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ್ದು ಇದು. ಹಾಳೆಯಿಂದ ಬಿಡಿಸಿ ನಾವೇ ಮಡಚಿ ಜೋಡಿಸಬೇಕು, ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಸಿಂಥೆಟಿಕ್ ಕಾಗದ, ಇಲ್ಲಿನ ಮಳೆಗಾಲದ ತೇವಕ್ಕೂ ಮೆತ್ತಗಾಗಲಿಲ್ಲ. ಒಳಗಿರುವುದು ಸಾಸಿವೆ ಕಾಳಿನಷ್ಟು ಗಾಜಿನ ಗುಂಡು ಲೆನ್ಸ್ ಒಂದೇ, ಅದೇ 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ.

ಮೊದಲ ವಾರ ಈರುಳ್ಳಿ ಪೊರೆ, ನೊಣದ ರೆಕ್ಕೆ, ಅದೂ ಇದೂ. ಚೆನ್ನಾಗಿತ್ತು, ಆದರೆ ಯಾವುದೂ ಅಲುಗಾಡಲ್ಲ. ಆಮೇಲೆ ಬಾಲ್ಕನಿಯ ತಾವರೆ ತೊಟ್ಟಿಯಲ್ಲಿ ಡ್ಯಾಫ್ನಿಯಾ ಸಿಕ್ಕಿತು, ಒಂದೆರಡು ಮಿಲಿಮೀಟರಿನ ನೀರು ಚಿಗಟ. ಅದು ಒಂದು ಕಡೆ ನಿಲ್ಲುವುದೇ ಇಲ್ಲ, ಅದಕ್ಕೆ ಹನಿ ನೀರಿನಲ್ಲಿ ಹತ್ತಿಯ ಎರಡು ಎಳೆ ಹಾಕಿ ಅದರ ನಡುವೆ ಬಿಟ್ಟೆವು. ಮೈಯೆಲ್ಲ ಗಾಜು. ಕರುಳು ಹಸಿರಾಗಿ ಕಾಣುತ್ತದೆ, ಬೆನ್ನಿನ ಕಡೆ ಪುಟ್ಟ ಚೀಲವೊಂದು ಪಟಪಟ ಮುದುಡಿ ಬಿಚ್ಚಿಕೊಳ್ಳುತ್ತಿರುತ್ತದೆ. "ಅಪ್ಪಾ, ಇದರ ಎದೆ ಹೊಡ್ಕೊಳ್ತಿದೆ!" ಅಂತ ಮಗಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ವಿಜ್ಞಾನಿಗಳಿಗೆ ಜೀಬ್ರಾ ಮೀನಿನ ಭ್ರೂಣ ಅಷ್ಟು ಬೇಕಾಗುವುದೂ ಇದಕ್ಕೇ ಅಲ್ವಾ. ಅದೂ ಹೀಗೇ ಪಾರದರ್ಶಕ, ಸುಮಾರು ಒಂದು ದಿನಕ್ಕೆ ಹೃದಯ ಬಡಿಯಲು ಶುರುವಾಗುತ್ತದೆ, ಕೊಯ್ಯದೆ ಕೊಲ್ಲದೆ ಸುಮ್ನೆ ಬೆಳಕು ಹಾಯಿಸಿ ನೋಡುತ್ತಾ ಕೂರಬಹುದು. ಬೇಕಾದ ಜೀವಕೋಶ ಮಾತ್ರ ಹೊಳೆಯಬೇಕು ಅಂದರೆ ಜೆಲ್ಲಿ ಮೀನಿನ ಹಸಿರು ಪ್ರೋಟೀನಿನ ಜೀನನ್ನು ಅದಕ್ಕೆ ಸೇರಿಸುತ್ತಾರೆ. ಆ ಪ್ರೋಟೀನಿನ ಕೆಲಸಕ್ಕೇ 2008ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು.

ಅದನ್ನೆಲ್ಲ ಈ ಫೋಲ್ಡ್‌ಸ್ಕೋಪಿನಿಂದ ನಿರೀಕ್ಷಿಸಬೇಡಿ. ಸುಮಾರು 2 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ವಿವರ ಬಿಡಿಯಾಗಿ ಕಾಣಲ್ಲ, ಹಾಗಾಗಿ ಮೊಸರಿನ ಬ್ಯಾಕ್ಟೀರಿಯಾ ನೋಡ್ತೀನಿ ಅಂತ ಕೊಂಡರೆ ಬೇಜಾರಾಗುತ್ತದೆ. ಬಣ್ಣ ಹಾಕದ ಒಂಟಿ ಜೀವಕೋಶವೂ ನೀರಿನಲ್ಲಿ ನೀರಿನ ಹಾಗೇ ಮಸುಕು. ಅಂಥದ್ದು ಜೀವಂತವಾಗಿದ್ದಾಗಲೇ ಎದ್ದು ಕಾಣಲಿ ಅಂತ ಡಚ್ ಭೌತವಿಜ್ಞಾನಿ ಝೆರ್ನಿಕೆ ಫೇಸ್ ಕಾಂಟ್ರಾಸ್ಟ್ ವಿಧಾನ ಕಂಡುಹಿಡಿದು 1953ರಲ್ಲಿ ನೊಬೆಲ್ ಪಡೆದರು, ಅದಕ್ಕೆ ದೊಡ್ಡ ಮೈಕ್ರೋಸ್ಕೋಪೇ ಬೇಕು.

ಜೊತೆಗೆ ಬರುವ ಮ್ಯಾಗ್ನೆಟ್‌ನಿಂದ ಮೊಬೈಲ್ ಕ್ಯಾಮೆರಾಗೆ ಅಂಟಿಸಿ, ಕಣ್ಣಿಟ್ಟು ನೋಡುವುದಕ್ಕಿಂತ ಅದೇ ಜಾಸ್ತಿ ಸುಲಭ. ಡ್ಯಾಫ್ನಿಯಾದ ಎದೆಬಡಿತ ಕಣ್ಣಳತೆಗೆ ಸಿಗುವಂಥದ್ದಲ್ಲ, ಸ್ಲೋ ಮೋಷನ್‌ನಲ್ಲಿ ತೆಗೆದು ಎಣಿಸಿದೆವು: 10 ಸೆಕೆಂಡಿಗೆ 41. ಎಣಿಸಿ ಮುಗಿದ ಮೇಲೆ ಅದನ್ನು ತೊಟ್ಟಿಗೇ ಬಿಟ್ಟೆವು. ನೀರು ತಣ್ಣಗಾದರೆ ಬಡಿತ ನಿಧಾನವಾಗುತ್ತದೆ ಅಂತ ಹೇಳಿದ್ದೇ ತಡ, ಮಗಳು ನೋಟ್‌ಬುಕ್ಕಿನಲ್ಲಿ ಡಿಸೆಂಬರ್ ಅಂತ ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಾಳೆ.