ಈಸಿಸ್ಪಿನ್: ಅಣು ಕ್ಯೂಬಿಟ್‌ಗಳ ಲೆಕ್ಕಕ್ಕೊಂದು ನೆಚ್ಚಿನ ತಂತ್ರಾಂಶ

ನನ್ನ ಪೋಸ್ಟ್‌ಡಾಕ್ ಸಂಶೋಧನೆ ಬೆಳಕಿನಿಂದ ನಿಯಂತ್ರಿಸಬಲ್ಲ ಅಣು ಕ್ಯೂಬಿಟ್‌ಗಳ ಕುರಿತದ್ದು. ಕ್ಯೂಬಿಟ್ ಎಂದರೆ ಕ್ವಾಂಟಂ ಮಾಹಿತಿಯ ಅತಿ ಸಣ್ಣ ಘಟಕ, ಇಲ್ಲಿ ಅದು ಅಣುವಿನ ಸ್ಪಿನ್, ಅಂದರೆ ಎಲೆಕ್ಟ್ರಾನ್‌ಗಳನ್ನು ಪುಟ್ಟ ಕಾಂತದಂತೆ ವರ್ತಿಸುವಂತೆ ಮಾಡುವ ಗುಣ. ಲೇಸರ್ ಹಾಯಿಸಿ ಅಣುವಿನ ಸ್ಪಿನ್ ಅನ್ನು ಒಂದು ಸ್ಥಿತಿಗೆ ತರುವುದು, ಮೈಕ್ರೋವೇವ್‌ನಿಂದ ಅದನ್ನು ಹೊರಳಿಸುವುದು, ಕೊನೆಗೆ ಅಣು ಸೂಸುವ ಬೆಳಕಿನಲ್ಲೇ ಫಲಿತಾಂಶವನ್ನು ಓದುವುದು ಇಲ್ಲಿನ ಕೆಲಸ. ಮಾದರಿಯನ್ನು ಅತಿ ಶೀತದಲ್ಲಿಡುವ ಕ್ರಯೋಸ್ಟಾಟ್ ತಣ್ಣಗಾಗುವ ಮೊದಲೇ ಅನುರಣನ, ಅಂದರೆ ಮೈಕ್ರೋವೇವ್ ಸ್ಪಿನ್ ಅನ್ನು ಹೊರಳಿಸಬಲ್ಲ ಬಿಂದು, ಎಲ್ಲಿ ಸಿಗಬೇಕೆಂಬ ಲೆಕ್ಕ ಕೈಯಲ್ಲಿರಬೇಕು. ಎರಡು ವರ್ಷಗಳಿಂದ ಆ ಲೆಕ್ಕಕ್ಕೆ ನಾನು ನೆಚ್ಚಿಕೊಂಡಿರುವುದು ಎಲೆಕ್ಟ್ರಾನ್ ಸ್ಪಿನ್ ಅನುರಣನದ ರೋಹಿತಗಳನ್ನು ಲೆಕ್ಕಹಾಕುವ ಈಸಿಸ್ಪಿನ್ ತಂತ್ರಾಂಶವನ್ನು.

ಸ್ಟೆಫಾನ್ ಸ್ಟೋಲ್ ಮತ್ತು ಆರ್ಥರ್ ಶ್ವೈಗರ್ 2006ರ ಪ್ರಬಂಧವೊಂದರಲ್ಲಿ ವಿವರಿಸಿದ ಈ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ, ಮೂಲ ಸಂಕೇತವೂ ಮುಕ್ತವಾಗಿದೆ. ಆದರೆ ಅದು ನಡೆಯುವುದು ಮ್ಯಾಟ್‌ಲ್ಯಾಬ್ ಎಂಬ ಗಣಿತ ಲೆಕ್ಕಾಚಾರದ ತಂತ್ರಾಂಶದಲ್ಲಿ, ಅದಕ್ಕೆ ಪರವಾನಗಿ ಕೊಳ್ಳಬೇಕು. ಸಣ್ಣ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ನಿಜವಾದ ಅಡ್ಡಿ. ಇದರ ಫಂಕ್ಷನ್‌ಗಳಿಗೆ ಇಟ್ಟಿರುವುದು ಮಸಾಲೆ ಡಬ್ಬಿಯ ಹೆಸರುಗಳು: ಘನ ಮಾದರಿಗಳಿಗೆ ಪೆಪ್ಪರ್, ದ್ರಾವಣದಲ್ಲಿ ವೇಗವಾಗಿ ತಿರುಗುವ ಅಣುಗಳಿಗೆ ಗಾರ್ಲಿಕ್, ಪಲ್ಸ್ ಪ್ರಯೋಗಗಳಿಗೆ ಸ್ಯಾಫ್ರಾನ್. ಒಮ್ಮೆ ಬಳಸಿದರೆ ಮರೆಯುವುದಿಲ್ಲ.

ನನಗೆ ಇದರ ಬೆಲೆ ತಿಳಿದದ್ದು ಕ್ರೋಮಿಯಂ ಅಣುಗಳಿಂದ. ಡೇವಿಡ್ ಆಶಲಂ ಮತ್ತು ಡಾನಾ ಫ್ರೀಡ್‌ಮನ್ ಅವರ ತಂಡಗಳು 2020ರಲ್ಲಿ ತೋರಿಸಿದಂತೆ, ಕ್ರೋಮಿಯಂ ಸುತ್ತಲಿನ ಲಿಗ್ಯಾಂಡ್‌ಗಳಲ್ಲಿ (ಲೋಹಕ್ಕೆ ಬಂಧಿಸಿರುವ ಗುಂಪುಗಳಲ್ಲಿ) ಮೀಥೈಲ್ ಗುಂಪುಗಳ ಜಾಗ ಬದಲಾದರೆ ಸಾಕು, ಸ್ಪಿನ್‌ನ ಶೂನ್ಯಕ್ಷೇತ್ರ ಸೀಳಿಕೆಯೂ (ಹೊರಗಿನ ಕಾಂತಕ್ಷೇತ್ರವಿಲ್ಲದಿದ್ದರೂ ಸ್ಪಿನ್ ಮಟ್ಟಗಳ ನಡುವೆ ಇರುವ ಶಕ್ತಿಯ ಅಂತರ) ಬದಲಾಗುತ್ತದೆ. ಈಸಿಸ್ಪಿನ್‌ನಲ್ಲಿ ಆ ಸೀಳಿಕೆಯನ್ನು ಸೂಚಿಸುವ ಒಂದೇ ಸಾಲನ್ನು ತಿದ್ದಿ, ರೋಹಿತದ ರೇಖೆಗಳು ಎಲ್ಲಿಗೆ ಸರಿಯುತ್ತವೆಂದು ಕೂಡಲೇ ನೋಡಬಹುದು. ರಸಾಯನಶಾಸ್ತ್ರಜ್ಞರ ಜೊತೆ ಕುಳಿತು ಮುಂದಿನ ಅಣು ಯಾವುದಿರಲಿ ಎಂದು ಚರ್ಚಿಸುವಾಗ ಇಂಥ ಚಿತ್ರ ಕಣ್ಣೆದುರಿಗಿದ್ದರೆ ಮಾತು ಊಹೆಯಲ್ಲಿ ಕಳೆದುಹೋಗುವುದಿಲ್ಲ.

ಬೆಳಕಿನಿಂದ ಹುಟ್ಟುವ ಟ್ರಿಪ್ಲೆಟ್‌ಗಳ, ಅಂದರೆ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಸೇರಿ ಮೂರು ಉಪಮಟ್ಟಗಳಾಗುವ ಸ್ಥಿತಿಗಳ, ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಐದು ಬೆಂಜೀನ್ ಉಂಗುರಗಳು ಸಾಲಾಗಿ ಸೇರಿದ ಪೆಂಟಸೀನ್ ಎಂಬ ಅಣುವಿನಲ್ಲಿ, ಟ್ರಿಪ್ಲೆಟ್ ಸ್ಥಿತಿಗೆ ಬಂದ ಅಣುಗಳು ಮೂರು ಉಪಮಟ್ಟಗಳಲ್ಲಿ ಸುಮಾರು 0.76, 0.16, 0.08ರ ಪ್ರಮಾಣದಲ್ಲಿ ಹಂಚಿಹೋಗುತ್ತವೆ. ಹೆಚ್ಚಿನ ಪಾಲು ಇರುವುದು ಅತಿ ಮೇಲಿನ ಮಟ್ಟದಲ್ಲಿ. ತಂತ್ರಾಂಶ ಕೆಳಗಿನಿಂದ ಮೇಲಕ್ಕೆ, ಶಕ್ತಿಯ ಕ್ರಮದಲ್ಲಿ ಅಂಕಿಗಳನ್ನು ಕೇಳುತ್ತಿದ್ದಾಗ ನಾನು ಪೆಂಟಸೀನ್ ಕುರಿತ ಪ್ರಬಂಧದಲ್ಲಿದ್ದ x, y, z ಅಕ್ಷಗಳ ಕ್ರಮದಲ್ಲೇ ಬರೆದುಬಿಟ್ಟಿದ್ದೆ. ಹೀರಿಕೆಯ ಜಾಗದಲ್ಲಿ ಸೂಸುವಿಕೆ, ಸೂಸುವಿಕೆಯ ಜಾಗದಲ್ಲಿ ಹೀರಿಕೆ ಕಾಣಿಸಿಕೊಂಡು, ತಪ್ಪು ಪ್ರಯೋಗದ್ದೆಂದೇ ಭಾವಿಸಿ ಒಂದು ವಾರ ಕಳೆದೆ. 5ನೆಯ ಆವೃತ್ತಿಯಲ್ಲಿ ಈ ಅಂಕಿಗಳನ್ನು ತಾಪಮಾನದ ಜಾಗದಲ್ಲಿ ಬರೆಯಬೇಕಿತ್ತು. 6ನೆಯದರಲ್ಲಿ ಆರಂಭಿಕ ಸ್ಥಿತಿಗೆಂದೇ ಪ್ರತ್ಯೇಕ ಜಾಗವಿದೆ, ಲೇಸರ್ ಕಿರಣದ ದಿಕ್ಕನ್ನೂ ಲೆಕ್ಕಕ್ಕೆ ಸೇರಿಸಬಹುದು. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಆದರೆ ಹಳೆಯ ಕಡತಗಳನ್ನು ತಿದ್ದಿಕೊಳ್ಳಲೇಬೇಕು.

ಅಣು ಉದ್ರೇಕಗೊಂಡು ಬೆಳಕು ಸೂಸಿ ಮತ್ತೆ ಕೆಳಗಿಳಿಯುವ ಇಡೀ ಚಕ್ರದ ದರ ಸಮೀಕರಣಗಳನ್ನು (ಒಂದೊಂದು ಹಂತ ಎಷ್ಟು ವೇಗವಾಗಿ ನಡೆಯುತ್ತದೆಂಬ ಲೆಕ್ಕವನ್ನು) ನಾನು ಪ್ರತ್ಯೇಕವಾಗಿ ಬರೆದುಕೊಂಡಿದ್ದೇನೆ. ಓದುವಿಕೆ ಎಷ್ಟು ಸ್ಪಷ್ಟವಾಗಿರುತ್ತದೆಂಬುದು ಅಲ್ಲಿಂದಲೇ ಗೊತ್ತಾಗಬೇಕಾದ್ದರಿಂದ ಈಸಿಸ್ಪಿನ್ ಒಂದೇ ಸಾಕೆಂದು ನಾನು ಹೇಳಲಾರೆ.

ಹೊಸದಾಗಿ ಕಲಿಯುವವರು ಪೆಂಟಸೀನ್‌ನಿಂದಲೇ ಆರಂಭಿಸುವುದು ಒಳ್ಳೆಯದು: ಕಾಂತಕ್ಷೇತ್ರವನ್ನು ಶೂನ್ಯವಾಗಿಟ್ಟು ಲೆಕ್ಕ ಹಾಕಿದಾಗ ಸುಮಾರು 1.34 ಮತ್ತು 1.45 ಗಿಗಾಹರ್ಟ್ಸ್‌ನಲ್ಲಿ ಪರಿವರ್ತನೆಗಳು ಬಾರದಿದ್ದರೆ, ಮುಂದಕ್ಕೆ ಹೋಗದೆ ಮೊದಲು ಸೀಳಿಕೆಯ ಅಂಕಿಗಳನ್ನು ಪರಿಶೀಲಿಸಬೇಕು.