ದಿ ನೈಸ್ ಗೈಸ್: ಎಡವಟ್ಟಿನ ಮೇಲೆ ನಿಂತ ಒಂದು ಪತ್ತೇದಾರಿ ಸಿನಿಮಾ

‘ದಿ ನೈಸ್ ಗೈಸ್’ ಸಿನಿಮಾವನ್ನು ಬಡ್ಡಿ ಕಾಪ್ ಕಾಮಿಡಿಗಳ, ಅಂದರೆ ಹೊಂದಿಕೆಯಾಗದ ಇಬ್ಬರು ಪೊಲೀಸರ ಜೋಡಿಯ ಹಾಸ್ಯಚಿತ್ರಗಳ, ಸಾಲಿಗೆ ಸೇರಿಸುವುದು ರೂಢಿ. ಆದರೆ ಅದರ ಇಬ್ಬರು ನಾಯಕರಲ್ಲಿ ಒಬ್ಬನೂ ಪೊಲೀಸನಲ್ಲ. ಹಾಲೆಂಡ್ ಮಾರ್ಚ್ (ರಯಾನ್ ಗೋಸ್ಲಿಂಗ್) ಲೈಸೆನ್ಸ್ ಇರುವ ಖಾಸಗಿ ಪತ್ತೇದಾರ. ಗಂಡ ಕಾಣೆಯಾಗಿದ್ದಾನೆ ಎಂದು ಬರುವ ಮುದುಕಿಯ ಮನೆಯಲ್ಲೇ ಗಂಡನ ಚಿತಾಭಸ್ಮದ ಕುಡಿಕೆ ಇದ್ದರೂ ಕೇಸು ಒಪ್ಪಿಕೊಂಡು ಮುಂಗಡ ಜೇಬಿಗಿಳಿಸುವವನು. ಜಾಕ್ಸನ್ ಹೀಲಿ (ರಸೆಲ್ ಕ್ರೋ) ಲೈಸೆನ್ಸೂ ಇಲ್ಲದ, ದುಡ್ಡು ಕೊಟ್ಟರೆ ಹೇಳಿದವರ ಮೂಳೆ ಮುರಿದು ಬರುವ ಆಳು. ಇಬ್ಬರ ಪರಿಚಯವಾಗುವುದೇ ಹೀಲಿ ಮಾರ್ಚ್‌ನ ಎಡಗೈ ಮುರಿಯುವುದರೊಂದಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಜೋಡಿಗೆ ಬ್ಯಾಡ್ಜಿನ ಬಲವಿಲ್ಲ, ಠಾಣೆಯ ಬೆಂಬಲವಿಲ್ಲ, ಕರೆದರೆ ಬರುವ ಪಡೆಯಿಲ್ಲ. ಸಿನಿಮಾದ ನಗೆಯೆಲ್ಲ ಈ ಕೊರತೆಯಿಂದಲೇ ಹುಟ್ಟುತ್ತದೆ.

ಶೇನ್ ಬ್ಲ್ಯಾಕ್ ನಿರ್ದೇಶನದ, ಅವರು ಮತ್ತು ಆಂಥನಿ ಬಗರೋಝಿ ಸೇರಿ ಬರೆದ ಈ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 2016ರ ಮೇ 20ರಂದು. ಅದೇ ತಿಂಗಳು ಕಾನ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗೆ ಪ್ರದರ್ಶನವಾಗಿತ್ತು. ಚಿತ್ರಕ್ಕೆ ಸಿಕ್ಕ ಸ್ವಾಗತವನ್ನು ‘ಮಿಶ್ರ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ನಿಜ ಸಂಗತಿ ತಪ್ಪಿಹೋಗುತ್ತದೆ. ವಿಮರ್ಶೆಗಳನ್ನು ಒಟ್ಟುಹಾಕಿ ಅಂಕ ಕೊಡುವ ಜಾಲತಾಣಗಳ ಪೈಕಿ ರಾಟನ್ ಟೊಮ್ಯಾಟೋಸ್‌ನಲ್ಲಿ ಅದರ ಅಂಕ ಶೇ. 90ರ ಆಸುಪಾಸು, ಮೆಟಾಕ್ರಿಟಿಕ್‌ನಲ್ಲಿ 100ಕ್ಕೆ 70. ಈ ಎರಡು ಒಂದಕ್ಕೊಂದು ವಿರುದ್ಧವಲ್ಲ. ಮೊದಲನೆಯದು ‘ನೋಡಬಹುದು’ ಎಂದ ವಿಮರ್ಶಕರು ನೂರಕ್ಕೆ ಎಷ್ಟು ಎಂಬ ಎಣಿಕೆ, ಎರಡನೆಯದು ಅವರು ಎಷ್ಟು ಮೆಚ್ಚಿದರು ಎಂಬುದರ ಸರಾಸರಿ. ಹೆಚ್ಚಿನವರಿಗೆ ಇಷ್ಟವಾಯಿತು, ಆದರೆ ತಕರಾರು ಇಟ್ಟುಕೊಂಡೇ ಇಷ್ಟವಾಯಿತು ಎಂದು ಅರ್ಥ. ಮೊದಲ ದಿನ ಚಿತ್ರಮಂದಿರದಿಂದ ಹೊರಬರುವವರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್‌ನಲ್ಲಿ ಮಾತ್ರ ಬಂದದ್ದು ಬಿ ಮೈನಸ್. ಅಲ್ಲಿ ಉತ್ತರಿಸುವವರು ತಾವಾಗಿಯೇ ಆರಿಸಿ, ಟಿಕೆಟ್ ಕೊಂಡು ಬಂದವರು. ಸಾಮಾನ್ಯವಾಗಿ ಅವರು ಉದಾರಿಗಳು. ಆದ್ದರಿಂದ ಆ ದರ್ಜೆ ಕಾಗದದ ಮೇಲೆ ಕಾಣುವುದಕ್ಕಿಂತ ಕೆಟ್ಟ ಸುದ್ದಿ.

ಗಲ್ಲಾಪೆಟ್ಟಿಗೆಯಲ್ಲೂ ಅದೇ ಕಥೆ. ಸುಮಾರು 5 ಕೋಟಿ ಡಾಲರ್ ಖರ್ಚಿನ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 6 ಕೋಟಿ ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಟಿಕೆಟ್ ಹಣದಲ್ಲಿ ಹತ್ತಿರಹತ್ತಿರ ಅರ್ಧ ಚಿತ್ರಮಂದಿರಗಳ ಪಾಲು, ಪ್ರಚಾರದ ಖರ್ಚು ಬೇರೆ. ಹೀಗಾಗಿ ಥಿಯೇಟರ್ ಓಟದಲ್ಲಿ ಇದು ಸೋತ ಚಿತ್ರ. ಅಮೆರಿಕದ ಮೊದಲ ವಾರಾಂತ್ಯದಲ್ಲಿ 1.1 ಕೋಟಿ ಡಾಲರ್, ನಾಲ್ಕನೇ ಸ್ಥಾನ. ಅದೇ ಶುಕ್ರವಾರ ಮಕ್ಕಳಿಗಾಗಿ ಆ್ಯಂಗ್ರಿ ಬರ್ಡ್ಸ್ ಬಂತು, ದೊಡ್ಡವರ ಕಾಮಿಡಿಗೆ ನೇಬರ್ಸ್‌ನ ಎರಡನೇ ಭಾಗ ಬಂತು, ಎರಡು ವಾರ ಮುಂಚೆ ಬಂದ ಕ್ಯಾಪ್ಟನ್ ಅಮೆರಿಕ ಇನ್ನೂ ಓಡುತ್ತಿತ್ತು. ವಯಸ್ಕರಿಗೆ ಮೀಸಲಾದ, ಹಿಂದಿನ ಭಾಗವಿಲ್ಲದ, ಹೊಸ ಹೆಸರಿನ ಚಿತ್ರವನ್ನು ಅಂಥ ವಾರ ಬಿಡುಗಡೆ ಮಾಡಿದ್ದು ತಪ್ಪು ಲೆಕ್ಕ.

ಆದರೂ ಬಿ ಮೈನಸ್‌ಗೆ ಬಿಡುಗಡೆಯ ದಿನಾಂಕ ಕಾರಣವಲ್ಲ. ಕಾರಣ ಚಿತ್ರಕಥೆಯ ಒಳಗೇ ಇದೆ, ಅದನ್ನು ನೋಡಬೇಕಾದರೆ ಮೊದಲು ಇಲ್ಲಿನ ನಗೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು.

ಬ್ಲ್ಯಾಕ್ ಹಿಡಿದಿರುವ ಸೂತ್ರ ಒಂದೇ: ಪತ್ತೇದಾರಿ ಸಿನಿಮಾಗಳಲ್ಲಿ ಸಲೀಸಾಗಿ ನಡೆಯುವ ಕೆಲಸ ಇಲ್ಲಿ ನಡೆಯುವುದಿಲ್ಲ. ಮಾರ್ಚ್ ಕೈಗೆ ಬಟ್ಟೆ ಸುತ್ತಿಕೊಂಡು ಬಾಗಿಲಿನ ಗಾಜಿಗೆ ಗುದ್ದುತ್ತಾನೆ, ಎಲ್ಲ ಸಿನಿಮಾ ಪತ್ತೇದಾರರೂ ಮಾಡುವ ಹಾಗೆ. ಗಾಜು ಒಡೆಯುತ್ತದೆ, ಜೊತೆಗೆ ಮಣಿಕಟ್ಟಿನ ನರವೂ ಕತ್ತರಿಸುತ್ತದೆ. ಮುಂದಿನ ಶಾಟ್‌ನಲ್ಲಿ ಅವನು ಆ್ಯಂಬುಲೆನ್ಸ್‌ನಲ್ಲಿ. ನಡುವೆ ಅರಚಾಟ, ಓಡಾಟ ಏನನ್ನೂ ತೋರಿಸದೆ ನೇರ ಕಟ್ ಮಾಡಿದ್ದರಿಂದಲೇ ನಗು ಬರುತ್ತದೆ. ಶೌಚಾಲಯದ ದೃಶ್ಯದಲ್ಲಿ ಇದಕ್ಕೆ ತದ್ವಿರುದ್ಧ ವಿಧಾನ. ಕೂತಿರುವ ಮಾರ್ಚ್‌ನ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ಕೈ ಬ್ಯಾಂಡೇಜಿನಲ್ಲಿ, ಬಾಯಲ್ಲಿ ಸಿಗರೇಟು, ತೊಡೆಯ ಮೇಲೆ ಪತ್ರಿಕೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿರುತ್ತದೆ. ಕೈ ಎರಡು, ಕೆಲಸ ಐದು. ಇಲ್ಲಿ ಕತ್ತರಿ ಹಾಕಿ ತುಂಡು ಮಾಡಿದ್ದರೆ ನಟನ ದೇಹದ ಪರದಾಟ ಕಾಣದೆ ಹೋಗುತ್ತಿತ್ತು. ಸಂಕಲನ ತಾಳ್ಮೆಯಿಂದ ಕಾದಿದೆ, ಗೋಸ್ಲಿಂಗ್ ಅಷ್ಟೂ ಹೊತ್ತನ್ನು ತುಂಬಿದ್ದಾರೆ. ಯಾವ ಹಾಸ್ಯಕ್ಕೆ ಬೇಗ ಕತ್ತರಿಸಬೇಕು, ಯಾವುದಕ್ಕೆ ಬಿಡಬೇಕು ಎಂಬ ಈ ತಿಳಿವಳಿಕೆ ಇತ್ತೀಚಿನ ಕಾಮಿಡಿಗಳಲ್ಲಿ ತೀರ ಅಪರೂಪ.

ಮೂರನೆಯ ಬಗೆ, ಬೀಜ ಬಿತ್ತಿ ತಡವಾಗಿ ಕೊಯ್ಯುವುದು. ಹೀಲಿ ತನ್ನ ಕಣಕಾಲಿಗೆ ಪಿಸ್ತೂಲು ಕಟ್ಟಿಕೊಳ್ಳುತ್ತಾನೆ ಎಂಬ ಮಾತು ಮಾರ್ಚ್‌ನ ಕಿವಿಗೆ ಬಿದ್ದಿರುತ್ತದೆ. ಬಹಳ ಹೊತ್ತಿನ ನಂತರ, ಪ್ರಾಣ ಹೋಗುವ ಗಳಿಗೆಯಲ್ಲಿ, ಅವನು ಆ ಕಣಕಾಲಿಗೆ ಕೈ ಹಾಕುತ್ತಾನೆ. ಅಲ್ಲಿ ಏನೂ ಇಲ್ಲ, ಆ ಮಾತು ಬಿದ್ದದ್ದು ಕನಸಿನಲ್ಲಿ. ಬೀಜ ಬಿತ್ತುವಾಗ ಪ್ರೇಕ್ಷಕ ಗಮನವಿಟ್ಟಿರದಿದ್ದರೆ ಕೊಯ್ಲಿನ ನಗು ಸಿಗುವುದಿಲ್ಲ. ಇಂಥ ಹಲವಾರು ಎಳೆಗಳು ಚಿತ್ರದ 116 ನಿಮಿಷಗಳಲ್ಲಿ ಹರಡಿವೆ. ಮೊಬೈಲ್ ನೋಡುತ್ತ ಅರೆಮನಸ್ಸಿನಿಂದ ಕೂತವರಿಗೆ ಇದು ಸುಮ್ಮನೆ ಗದ್ದಲದ ಸಿನಿಮಾ ಅನಿಸಿದರೆ ಆಶ್ಚರ್ಯವಿಲ್ಲ.

ಈಗ ತಕರಾರಿಗೆ ಬರೋಣ. ಇಬ್ಬರೂ ಸುಳಿವುಗಳನ್ನು ಬುದ್ಧಿಯಿಂದ ಹುಡುಕುವುದಿಲ್ಲ, ಅವುಗಳ ಮೇಲೆ ಬೀಳುತ್ತಾರೆ. ಮಾರ್ಚ್ ಅಂತೂ ನಿಜಕ್ಕೂ ಕುಡಿದು ಇಳಿಜಾರಿನಲ್ಲಿ ಉರುಳಿ ಹೆಣದ ಪಕ್ಕ ಬಂದು ಕೂರುತ್ತಾನೆ. ‘ಎಲ್ಲ ಕಾಕತಾಳೀಯ, ಪತ್ತೇದಾರಿಕೆ ಎಲ್ಲಿದೆ’ ಎಂದು ಹಲವರು ದೂರಿದ್ದಾರೆ. ಈ ದೂರು ತಪ್ಪು ಜಾಗದಲ್ಲಿ ಬಿದ್ದಿದೆ. ಎಡವಟ್ಟೇ ಇಲ್ಲಿ ಕಥೆಯನ್ನು ಮುಂದಕ್ಕೆ ತಳ್ಳುವ ಯಂತ್ರ, ಮೊದಲ ಒಂದು ಗಂಟೆ ಆ ಯಂತ್ರ ಚೆನ್ನಾಗಿ ಓಡುತ್ತದೆ. ಅಸಲಿ ದೋಷ ಇರುವುದು ಅದು ನಿಲ್ಲುವ ಜಾಗದಲ್ಲಿ. ಎಲ್ಲರೂ ಹುಡುಕುತ್ತಿರುವ ಅಮೀಲಿಯಾ (ಮಾರ್ಗರೆಟ್ ಕ್ವಾಲಿ) ಕೈಗೆ ಸಿಕ್ಕ ಮೇಲೆ ಒಳಸಂಚಿನ ಪೂರ್ತಿ ವಿವರವನ್ನು ಮಾತಿನಲ್ಲೇ ಒಪ್ಪಿಸಿಬಿಡುತ್ತಾಳೆ. ಅಲ್ಲಿಯವರೆಗೆ ಕೈಕಾಲಿನಿಂದ ತಿಳಿಯುತ್ತಿದ್ದ ಕಥೆ ಥಟ್ಟನೆ ಬಾಯಿಂದ ತಿಳಿಯತೊಡಗುತ್ತದೆ, ಲಯ ಮುರಿಯುತ್ತದೆ. ಕಿಮ್ ಬೇಸಿಂಗರ್ ಮಾಡಿದ ಅಧಿಕಾರಿಣಿಯ ಪಾತ್ರಕ್ಕೂ ತನ್ನ ವಾದವನ್ನು ಹೇಳಿ ಮುಗಿಸುವುದರ ಆಚೆ ಬೆಳೆಯಲು ಜಾಗ ಸಿಕ್ಕಿಲ್ಲ. ಅವರೂ ಕ್ರೋ ಅವರೂ 1997ರ ‘ಎಲ್.ಎ. ಕಾನ್ಫಿಡೆನ್ಷಿಯಲ್’ನಲ್ಲಿ ಜೊತೆಗಿದ್ದವರು ಎಂದು ನೆನಪಿರುವವರಿಗೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ನೀಲಿಚಿತ್ರೋದ್ಯಮದ ನಟಿಯೊಬ್ಬಳ ಬೆತ್ತಲೆ ಹೆಣದಿಂದ ಕಥೆ ಶುರುವಾಗುವುದೂ ಕೆಲವರಿಗೆ ಹಿಡಿಸಲಿಲ್ಲ. ಆ ದೃಶ್ಯದಲ್ಲೇ ಪುಟ್ಟ ಹುಡುಗನೊಬ್ಬ ತನ್ನ ಅಂಗಿ ಬಿಚ್ಚಿ ಅವಳ ಮೈಮುಚ್ಚುತ್ತಾನೆ; ಇಡೀ ಚಿತ್ರದ ಅತ್ಯಂತ ಮನುಷ್ಯತ್ವದ ಗಳಿಗೆ ಅದು. ಆದರೆ ಪಾರ್ಟಿಯ ದೃಶ್ಯಗಳಲ್ಲಿ ಕ್ಯಾಮೆರಾ ಆ ಹುಡುಗನ ಸಭ್ಯತೆಯನ್ನು ಕಾಪಾಡಿಕೊಂಡಿಲ್ಲ. ಆಕ್ಷೇಪಕ್ಕೆ ಹುರುಳಿದೆ.

ಮುಂದಿನ ಎರಡು ಪ್ಯಾರಾಗಳಲ್ಲಿ ಕಥೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ, ನೋಡದವರು ದಾಟಿಹೋಗಿ.

ಒಳಸಂಚು ಕ್ಯಾಟಲಿಟಿಕ್ ಕನ್ವರ್ಟರ್‌ನದು. ಕಾರಿನ ಹೊಗೆಕೊಳವೆಯಲ್ಲಿ ಕೂರುವ ಈ ಡಬ್ಬಿ ಪ್ಲ್ಯಾಟಿನಂ ಬಗೆಯ ಲೋಹಗಳ ಲೇಪದ ಮೇಲೆ ಹೊಗೆಯನ್ನು ಹಾಯಿಸಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಇಂಧನದ ಅಂಶವನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಬದಲಿಸುತ್ತದೆ. ಸೀಸ ಬೆರೆತ ಪೆಟ್ರೋಲ್ ಹಾಕಿದರೆ ಲೇಪ ಕೆಡುತ್ತದೆ, ಆದ್ದರಿಂದ ಸೀಸರಹಿತ ಪೆಟ್ರೋಲೂ ಜೊತೆಗೇ ಬರಬೇಕಾಯಿತು. ಅಮೆರಿಕದ ಹೆಚ್ಚಿನ ಕಾರುಗಳಿಗೆ ಇದು ಬಂದದ್ದು 1975ರ ಮಾದರಿಗಳಿಂದ, 1970ರ ಶುದ್ಧ ಗಾಳಿ ಕಾಯ್ದೆಯ ಒತ್ತಡದಿಂದ. ಚಿತ್ರದಲ್ಲಿ ಡೆಟ್ರಾಯ್ಟ್‌ನ ಕಾರು ಕಂಪನಿಗಳು ಈ ಸಾಧನವನ್ನು ಹತ್ತಿಕ್ಕಲು ಕೈಜೋಡಿಸುತ್ತವೆ. ಇದು ಬರೀ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಹೊಗೆ ತಗ್ಗಿಸುವ ಸಾಧನಗಳ ವಿಷಯದಲ್ಲಿ ಪೈಪೋಟಿ ಬೇಡವೆಂದು ದೊಡ್ಡ ನಾಲ್ಕು ಕಾರು ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡಿವೆ ಎಂದು ಅಮೆರಿಕದ ನ್ಯಾಯ ಇಲಾಖೆ 1969ರ ಜನವರಿಯಲ್ಲಿ ನಿಜಕ್ಕೂ ಮೊಕದ್ದಮೆ ಹೂಡಿತ್ತು. ವಿಚಾರಣೆಯೇ ನಡೆಯದೆ ಅದೇ ವರ್ಷ ರಾಜಿಯಲ್ಲಿ ಮುಗಿಯಿತು. 1977ರಲ್ಲಿ, ಅಂದರೆ ಕಥೆ ನಡೆಯುವ ವರ್ಷವೇ, ಕಾಯ್ದೆಗೆ ತಿದ್ದುಪಡಿ ತಂದು ಕಂಪನಿಗಳಿಗೆ ಗಡುವು ಮುಂದೂಡಿದರು. ತಪ್ಪಿತಸ್ಥರು ನುಣುಚಿಕೊಳ್ಳುವ ಚಿತ್ರದ ಕೊನೆ ಹಲವರಿಗೆ ಸಪ್ಪೆಯೆನಿಸಿತು. ಚರಿತ್ರೆ ನಡೆದ ದಾರಿಗೆ ಅದು ತೀರ ಹತ್ತಿರ.

ಕಾಲವೂ ಇಲ್ಲಿ ಅಲಂಕಾರಕ್ಕಲ್ಲ. ಸಾಕ್ಷ್ಯ ಇರುವುದು ಒಂದು ಫಿಲ್ಮ್ ರೀಲಿನಲ್ಲಿ. ಅದು ಸುಟ್ಟರೆ ಹೋಯಿತು, ಕದ್ದರೆ ಹೋಯಿತು, ತೋರಿಸಲು ಪ್ರೊಜೆಕ್ಟರ್ ಬೇಕು, ಕತ್ತಲು ಬೇಕು, ಗೋಡೆ ಬೇಕು. ಸತ್ತ ಸೋದರ ಸೊಸೆಯನ್ನು ಕಿಟಕಿಯಲ್ಲಿ ಕಂಡೆ ಎನ್ನುವ ಮಂದದೃಷ್ಟಿಯ ಅಜ್ಜಿಯ (ಲೋಯಿಸ್ ಸ್ಮಿತ್) ಮಾತಿಗೂ, ಮೋಟಾರು ಪ್ರದರ್ಶನದಲ್ಲಿ ರೀಲಿನ ಡಬ್ಬಿಗಾಗಿ ನಡೆಯುವ ಕೊನೆಯ ಹೊಡೆದಾಟಕ್ಕೂ ಇದೇ ಆಧಾರ. ನಾಲ್ಕು ಗಳಿಗೆಯಲ್ಲಿ ನಕಲು ಕಳಿಸಬಹುದಾದ ಕಾಲದಲ್ಲಿ ಈ ಕಥೆ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ.

ಕಾಲ ಕಟ್ಟಿರುವ ಕೈಕೆಲಸಕ್ಕೂ ಮೆಚ್ಚುಗೆ ಸಲ್ಲಬೇಕು. ಆರಂಭದಲ್ಲೇ ಹಾಲಿವುಡ್ ಫಲಕವನ್ನು ಹಿಂದಿನಿಂದ, ಪಾಳುಬಿದ್ದ ಸ್ಥಿತಿಯಲ್ಲಿ ತೋರಿಸುತ್ತಾರೆ. ಫಲಕ ಎಪ್ಪತ್ತರ ದಶಕದಲ್ಲಿ ನಿಜಕ್ಕೂ ಹಾಗೇ ಇತ್ತು, ಹೊಸದಾಗಿ ಕಟ್ಟಿಸಿದ್ದು 1978ರಲ್ಲಿ. ಫಿಲಿಪ್ ರೂಸೆಲೋ ಅವರ ಛಾಯಾಗ್ರಹಣ ನೆನಪಿನ ಚಿನ್ನದ ಬಣ್ಣ ಬಳಿಯದೆ, ಕಥೆ ನಡೆಯುವ ಲಾಸ್ ಏಂಜಲೀಸ್ ಊರಿನ ಮೇಲೆ ಕವಿದ ಹೊಗೆಮಂಜಿನ ಕಂದುಬಣ್ಣವನ್ನೇ ಹಿಡಿದಿದೆ. ಆ ಕಂದು ಕಥೆಗೂ ಬೇಕಾದದ್ದೇ. ಚಿತ್ರೀಕರಣದ ಬಹುಪಾಲು ನಡೆದದ್ದು ಅಟ್ಲಾಂಟಾ ಸುತ್ತಮುತ್ತ ಎಂಬುದು ತೆರೆಯ ಮೇಲೆ ಗೊತ್ತಾಗುವುದೇ ಇಲ್ಲ.

ಇಬ್ಬರು ದೊಡ್ಡ ನಟರ ನಡುವೆ ಚಿತ್ರವನ್ನು ಹಿಡಿದು ನಿಲ್ಲಿಸುವವಳು ಮಾರ್ಚ್‌ನ ಮಗಳು ಹಾಲಿ. ಆಂಗೌರಿ ರೈಸ್ ಆ ಪಾತ್ರವನ್ನು ವಯಸ್ಸಿಗೆ ಮೀರಿದ ಜಾಣೆಯ ಸಿದ್ಧ ಅಚ್ಚಿಗೆ ಬೀಳದಂತೆ ಕಾಪಾಡಿದ್ದಾಳೆ. ಅಪ್ಪನಿಗೆ ಮೂಗಿನ ವಾಸನೆ ಇಲ್ಲ. ಗ್ಯಾಸ್ ಸೋರಿದ್ದು ಅವನಿಗೆ ತಿಳಿಯಲಿಲ್ಲ, ಮನೆ ಸುಟ್ಟಿತು, ಅಮ್ಮ ಹೋದಳು. ಇದನ್ನು ಯಾರೂ ಅತ್ತು ಹೇಳುವುದಿಲ್ಲ. ಹಾಲಿ ಸುಟ್ಟ ಮನೆಯ ಖಾಲಿ ಸೈಟಿನಲ್ಲಿ ಕೂತು ಓದುತ್ತಾಳೆ, ಅಷ್ಟೆ. ಅಷ್ಟು ಹೊತ್ತು ನಗಿಸಿದ ಮಾರ್ಚ್‌ನ ಕುಡಿತ ಅಲ್ಲಿಂದ ಬೇರೆಯಾಗಿ ಕಾಣುತ್ತದೆ. ಕ್ರೋ ತಮ್ಮ ಭಾರದ ಮೈಯನ್ನೂ ತಗ್ಗಿದ ದನಿಯನ್ನೂ ಕದಲಿಸದೆ ನಿಂತಿರುವುದರಿಂದಲೇ ಗೋಸ್ಲಿಂಗ್ ಅವರ ಕೀರಲು, ಉಸಿರುಗಟ್ಟಿದ ಗಾಬರಿ ಎದ್ದು ಕಾಣುತ್ತದೆ. ದಿನಕ್ಕೊಂದು ಹೊಸ ಪದ ಕಲಿಯುವ ಹೀಲಿಯ ಕ್ಯಾಲೆಂಡರ್ ಸಣ್ಣ ವಿವರ, ಆದರೆ ಇನ್ನೊಬ್ಬ ಮನುಷ್ಯನಾಗಬೇಕೆಂಬ ಅವನ ಆಸೆಯೆಲ್ಲ ಅದರಲ್ಲಿದೆ.

ನೋಡುವವರಿಗೆ ಕೆಲವು ಮಾತು. ಮಗುವೊಂದು ಮುಖ್ಯ ಪಾತ್ರದಲ್ಲಿದ್ದರೂ ಇದು ಮಕ್ಕಳೊಂದಿಗೆ ನೋಡುವ ಚಿತ್ರವಲ್ಲ. ಬೆತ್ತಲೆ, ಬೈಗುಳ, ರಕ್ತ ಮೂರೂ ಧಾರಾಳವಾಗಿವೆ. ಸಬ್‌ಟೈಟಲ್ ಹಾಕಿಕೊಳ್ಳಿ: ಮಾತಿನ ಮೇಲೆ ಮಾತು ಬೀಳುವ ಕಡೆ ಗೋಸ್ಲಿಂಗ್ ಗೊಣಗುವ ಅರ್ಧ ವಾಕ್ಯಗಳಲ್ಲೇ ಒಳ್ಳೆಯ ಹಾಸ್ಯವಿದೆ. ಡಬ್ ಆದ ಆವೃತ್ತಿ ಬೇಡ, ಆ ಕೀರಲು ಉಸಿರು ಅವರದೇ ಗಂಟಲಿನಿಂದ ಬರಬೇಕು. ಅಮೀಲಿಯಾ ವಿವರಿಸತೊಡಗಿದಾಗ ಎದ್ದು ಹೋಗಬೇಡಿ. ಆ ಮಾತು ತಪ್ಪಿದರೆ ಕೊನೆಯ ಇಪ್ಪತ್ತು ನಿಮಿಷ ಯಾರು ಯಾರನ್ನು ಯಾಕೆ ಅಟ್ಟುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಎರಡನೇ ಸಲ ನೋಡುವವರು ಮಂದದೃಷ್ಟಿಯ ಆ ಅಜ್ಜಿಯ ಮೊದಲ ಮಾತುಗಳನ್ನು ಗಮನವಿಟ್ಟು ಕೇಳಿ: ಅವಳು ಕಂಡದ್ದನ್ನು ಕಂಡ ಹಾಗೇ ಹೇಳಿರುತ್ತಾಳೆ, ನಂಬದೆ ಹೋದದ್ದು ಮಾರ್ಚ್, ಅವನ ಜೊತೆ ನಾವೂ.